ಮಾವ ನೋಡಿದ ಚಿತ್ರ

ಏಪ್ರಿಲ್ ಕೊನೆಯ ಗುರುವಾರ ಸಂಜೆ ಒರ್ನೆಲ್ಲಾ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಸೊಪ್ಪು ಕೊಯ್ಯಲು ಹಿತ್ತಲಿಗೆ ಹೋದಳು. ಲೆಕ್ಕ ಓಡುತ್ತಿತ್ತು. ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಬೇಕು ಎಂದುಕೊಂಡಿದ್ದಳು. ಮೇಜಿನ ಆಚೆ ಬದಿಗೆ ಮಾವ ಆನ್ಸೆಲ್ಮ್ ರೂಬಾರ್ಬಿನ ಹುಳಿದಂಟು ಸುಲಿಯುತ್ತ ಕೂತಿದ್ದರು.

ಹತ್ತು ನಿಮಿಷಕ್ಕೆ ವಾಪಸ್ ಬಂದಾಗ ಮಾವ ಈಚೆ ಬದಿಗೆ, ಅವಳ ಕುರ್ಚಿಯ ಹಿಂದೆ ಇದ್ದರು. ಸಿಪ್ಪೆ ಬಿಸಾಡಲು ಎದ್ದವರು ಅಲ್ಲೇ ನಿಂತುಬಿಟ್ಟಿದ್ದರು.

"ಒರ್ನೆಲ್ಲಾ, ನಿನ್ನ ಹಲ್ಲು ಬಂತಲ್ಲಮ್ಮ!"

ಅವಳು ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡಳು. ಸೊಪ್ಪಿನ ಬುಟ್ಟಿ ಕೆಳಗೆ ಬಿತ್ತು.

"ಮುಚ್ಚಿ ಮಾವ! ಅದನ್ನ ಮುಚ್ಚಿ!"

"ಏನನ್ನ?"

"ಸ್ಕ್ರೀನನ್ನ! ಯಾವ್ದಾದ್ರೂ ಬಟ್ಟೆ ಹಾಕಿ!"

"ಪಾತ್ರೆ ಒರೆಸೋ ಬಟ್ಟೆ ಇದೆ. ಒದ್ದೆ."

"ಹಾಕಿ!"

ಆನ್ಸೆಲ್ಮ್ ಒದ್ದೆ ಬಟ್ಟೆ ಹಾಕಿದರು. ಒರ್ನೆಲ್ಲಾ ಕಣ್ಣು ತೆರೆಯದೆ ಗೋಡೆ ಹಿಡಿದು ಬಂದು, ಬಟ್ಟೆಯ ಸಮೇತ ಲ್ಯಾಪ್‌ಟಾಪ್ ಮಡಚಿದಳು.

ಆ ಮನೆಯಲ್ಲಿ ಆ ಚಿತ್ರ ಎಲ್ಲರಿಗೂ ಗೊತ್ತಿತ್ತು. ಎಡದಿಂದ ಬಲಕ್ಕೆ ಇಳಿಯುವ ಚುಕ್ಕೆಗಳ ಸಾಲು, ನಡುವೆ ಖಾಲಿ. ಅತ್ತೆ ಒಡೀಲ್ ಅದಕ್ಕೆ 'ಹಲ್ಲು ಬಿದ್ದ ಬಾಯಿ' ಎಂದು ಹೆಸರಿಟ್ಟಿದ್ದರು. ಭೌತವಿಜ್ಞಾನಿ ಒರ್ನೆಲ್ಲಾ ಪ್ರಯೋಗಾಲಯದಲ್ಲಿ ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಹೊಸ ಕಣ ಇದ್ದರೆ ಆ ಖಾಲಿ ಜಾಗದಲ್ಲೇ ಇರಬೇಕು. ಅದಕ್ಕೇ ಅದನ್ನು ಮುಚ್ಚಿಟ್ಟಿದ್ದರು. ಅಳೆಯುವ ಕ್ರಮವೆಲ್ಲ ಗಟ್ಟಿಯಾಗಿ, ಪರಿಶೀಲನಾ ಸಮಿತಿ ಒಪ್ಪಿ, ಗೊತ್ತುಮಾಡಿದ ದಿನ ಎಲ್ಲರ ಎದುರಿಗೆ ತೆರೆಯುವವರೆಗೆ ಯಾರೂ ನೋಡುವಂತಿಲ್ಲ. ಮೊದಲೇ ನೋಡಿದವನ ಕೈ ತನಗೆ ಬೇಕಾದ ಕಡೆಗೆ ಅಳತೆಯನ್ನು ಎಳೆಯುತ್ತದೆ. ಪೆಟ್ಟಿಗೆ ತೆರೆಯುವುದು ಎನ್ನುತ್ತಾರೆ ಅದಕ್ಕೆ. ಅವತ್ತು ಬೆಳಿಗ್ಗೆ ಕಂಪ್ಯೂಟರ್ ಹುಟ್ಟಿಸಿದ ನಕಲಿ ದತ್ತಾಂಶದ ಮೇಲೆ ಪರೀಕ್ಷೆ ಮಾಡಲು ಒರ್ನೆಲ್ಲಾ ಪ್ರೋಗ್ರಾಮಿನಲ್ಲಿ ಮುಚ್ಚುವ ಸಾಲೊಂದನ್ನು ತೆಗೆದಿದ್ದಳು. ಸಂಜೆ ನಿಜ ದತ್ತಾಂಶ ಹಾಕುವಾಗ ಅದನ್ನು ಮತ್ತೆ ಸೇರಿಸಿರಲಿಲ್ಲ.

"ನೋಡಿದ್ರಾ?"

"ಕಣ್ಣೆದುರಿಗಿತ್ತು. ನೋಡ್ದೆ."

"ಹೇಳ್ಬೇಡಿ. ನಂಗೂ ಬೇಡ, ಮನೇಲಿ ಯಾರಿಗೂ ಬೇಡ."

"ಸರಿ."

"ಆಣೆ ಮಾಡಿ."

"ಸರಿ ಅಂದ್ನಲ್ಲ, ಆಣೆ ಯಾಕೆ?" ಎಂದು ಆನ್ಸೆಲ್ಮ್ ಸಿಪ್ಪೆಯನ್ನು ಡಬ್ಬಿಗೆ ಹಾಕಿದರು.

ಮೂವತ್ತಾರು ವರ್ಷ ಅದೇ ಪ್ರಯೋಗಾಲಯದ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿದ ಮನುಷ್ಯ. ಕೂದಲೆಳೆಯ ವ್ಯತ್ಯಾಸ ಬೆರಳಿಗೆ ತಿಳಿಯುತ್ತಿತ್ತು. ತಾವು ಕಡೆದ ಉಂಗುರಗಳು ನೆಲದಡಿಯ ಯಂತ್ರದಲ್ಲಿ ಎಲ್ಲಿ ಕೂತಿವೆ, ಏನು ಮಾಡುತ್ತಿವೆ ಎಂದು ಮಾತ್ರ ಯಾವತ್ತೂ ಕೇಳಿದವರಲ್ಲ.

ರಾತ್ರಿ ಊಟಕ್ಕೆ ಸೊಪ್ಪಿನ ಮೇಲೆ ಚೀಸ್ ಹಾಕಿ ಬೇಯಿಸಿದ ಗ್ರಾಟಿನ್ ಇತ್ತು. ಒಡೀಲ್ ಬಡಿಸುತ್ತಿದ್ದರು. ಹಗಲೆಲ್ಲ ಊರಿನ ಶಾಲೆಯಲ್ಲಿ ನೂರಿಪ್ಪತ್ತು ಮಕ್ಕಳಿಗೆ ಬಡಿಸಿ ಬಂದವರ ಕೈ ಮನೆಯಲ್ಲೂ ಅದೇ ಅಳತೆಗೆ ಬಡಿಸುತ್ತಿತ್ತು. ನಡೆದದ್ದನ್ನು ಒರ್ನೆಲ್ಲಾ ಹೇಳಿದಳು. ನಾಳೆ ಸಮಿತಿಗೂ ಹೇಳುತ್ತೇನೆ ಎಂದಳು.

ಗಂಡ ರೆಮಿ ಮುಳ್ಳುಚಮಚ ಕೆಳಗಿಟ್ಟ. ಅವನು ಊರಿನ ಚೀಸ್ ಸಹಕಾರಿಯಲ್ಲಿ ಕೆಲಸ ಮಾಡುವವನು. ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದ. ಸಂಜೆ ಏಳರ ಹೊತ್ತಿಗೆ ತಾಳ್ಮೆ ಮುಗಿದಿರುತ್ತಿತ್ತು.

"ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ."

"ನೀನು ನೋಡಿಲ್ಲ ತಾನೆ?"

"ನೋಡಿಲ್ಲ. ನೋಡಿಲ್ಲ ಅಂತ ಅವ್ರು ನಂಬಬೇಕಾದ್ರೆ ಮೊದ್ಲು ನಾನೇ ಹೋಗಿ ಹೇಳ್ಬೇಕು."

"ಯಾರೂ ಕೇಳದೆ ಇರೋ ಪ್ರಶ್ನೆಗೆ ಉತ್ತರ ಹೇಳೋ ಕಾಯಿಲೆ ಇದೆ ನಿಮ್ಗೆಲ್ಲ. ಹನ್ನೆರಡನೇ ತಾರೀಕು ತೆರೀತಾರೆ ಅಂದಿದ್ರು. ಅದನ್ನ ಹಾಳ್ಮಾಡ್ಕೋಬೇಡ."

ಆ ಹನ್ನೆರಡನೇ ತಾರೀಕಿನ ಮೇಲೆ ಇಡೀ ಮನೆ ನಿಂತಿತ್ತು. ಒರ್ನೆಲ್ಲಾಳ ಒಪ್ಪಂದ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಪಿಎಚ್‌ಡಿ ಮುಗಿದ ಮೇಲೆ ಹ್ಯಾಂಬರ್ಗಿನಲ್ಲಿ ಎರಡು ವರ್ಷ, ಷಿಕಾಗೋ ಹತ್ತಿರ ಮೂರು, ಇಲ್ಲಿ ನಾಲ್ಕು. ಈಗ ವಯಸ್ಸು ಮೂವತ್ತೇಳು. ಮಗಳು ಝೆಲಿಗೆ ಹತ್ತು. ಪೆಟ್ಟಿಗೆಯಲ್ಲಿ ಏನಾದರೂ ಸಿಕ್ಕರೆ ಇನ್ನೆರಡು ವರ್ಷಕ್ಕೆ ವ್ಯವಸ್ಥೆ ಮಾಡುತ್ತೇನೆ, ಖಾಯಂ ಹುದ್ದೆಗೂ ಹೆಸರು ಹೇಳುತ್ತೇನೆ ಎಂದು ಗುಂಪಿನ ಮುಖ್ಯಸ್ಥ ಹೆಂಡ್ರಿಕ್ ಹೇಳಿದ್ದ. ಸಿಗದಿದ್ದರೆ ಕೈಕುಲುಕಿ ಕಳಿಸುವುದು ಎಂದು ಅವನು ಹೇಳಬೇಕಾಗಿರಲಿಲ್ಲ. ಇತ್ತ, ಹತ್ತಿರದಲ್ಲೇ ಗಡಿಯಾಚೆಯ ಒಂದು ಖಾಸಗಿ ಶಾಲೆ ಅವಳಿಗೆ ಭೌತಶಾಸ್ತ್ರದ ಮೇಡಂ ಕೆಲಸ ಕೊಡಲು ತಯಾರಿತ್ತು. ಖಾಯಂ ಕೆಲಸ. ಮೇ ಇಪ್ಪತ್ತರೊಳಗೆ ಹೌದೋ ಅಲ್ಲವೋ ಬರೆಯಬೇಕು. ಹನ್ನೆರಡಕ್ಕೆ ಪೆಟ್ಟಿಗೆ, ಇಪ್ಪತ್ತಕ್ಕೆ ಉತ್ತರ. ಇಷ್ಟು ಸಲೀಸಾದ ಲೆಕ್ಕ ಆ ದಂಪತಿಗಳ ಬಾಳಿನಲ್ಲಿ ಹಿಂದೆಂದೂ ಬಂದಿರಲಿಲ್ಲ.

ಶುಕ್ರವಾರ ಅವಳು ಹೋಗಿ ಹೇಳಿಯೇಬಿಟ್ಟಳು.

ಸಮಿತಿಯ ಅಧ್ಯಕ್ಷೆ ಕಯ್ಸಾ ಫಿನ್‌ಲೆಂಡಿನವಳು. ಕಾಫಿ ಮುಗಿಸಿ ಲೋಟ ಬದಿಗಿಟ್ಟಳು.

"ನಿಮ್ಮ ಮಾವ ಭೌತಶಾಸ್ತ್ರದೋರಾ?"

"ಲೇತ್ ಕೆಲಸದೋರು. ರಿಟೈರಾಗಿದ್ದಾರೆ."

"ಹಾಗಾದ್ರೆ ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿರ್ತಾರೆ" ಎಂದು ಪಕ್ಕದವನೊಬ್ಬ ನಕ್ಕ. ಕಯ್ಸಾ ನಗಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದಳು. ಆಮೇಲೆ ತೀರ್ಮಾನ ಹೇಳಿದಳು. ಪ್ರೋಗ್ರಾಮನ್ನು ಗುರುವಾರ ಬೆಳಗಿನ ಸ್ಥಿತಿಯಲ್ಲೇ ಬೀಗ ಹಾಕಿಡಬೇಕು. ಒರ್ನೆಲ್ಲಾ ಅದನ್ನು ಮುಟ್ಟುವಂತಿಲ್ಲ. ಬೇರೊಂದು ಗುಂಪು ಎಲ್ಲವನ್ನೂ ಮೊದಲಿನಿಂದ ಓಡಿಸಿ ನೋಡಬೇಕು. ಪೆಟ್ಟಿಗೆ ಜೂನ್ ಐದಕ್ಕೆ.

"ಜೂನ್ ಐದು" ಎಂದು ಅವಳು ಮನೆಯಲ್ಲಿ ಹೇಳಿದಾಗ ರೆಮಿ ಫ್ರಿಜ್ಜಿನ ಬಾಗಿಲು ತೆರೆದು ಏನನ್ನೂ ತೆಗೆಯದೆ ಮುಚ್ಚಿದ.

"ಶಾಲೆಯವ್ರು?"

"ಕೇಳ್ದೆ. ಇಪ್ಪತ್ತರ ಮೇಲೆ ಒಂದು ದಿನಾನೂ ಕಾಯಲ್ವಂತೆ. ಇನ್ನೊಬ್ಬರಿದ್ದಾರಂತೆ."

"ಚೆನ್ನಾಯ್ತು. ಸತ್ಯ ಹೇಳಿದ್ದಕ್ಕೆ ಬಹುಮಾನ."

"ರೆಮಿ, ಸುಮ್ನಿರೋ" ಎಂದರು ಒಡೀಲ್.

"ಯಾಕಮ್ಮ ಸುಮ್ನಿರ್ಲಿ? ನಾವು ಚೀಸಿಗೆ ಸಲಾಕಿ ಚುಚ್ತೀವಿ. ಒಂದು ಚೂರು ತೆಗ್ದು, ಮೂಸಿ, ತಿಂದು, ಮಿಕ್ಕಿದ್ದನ್ನ ಅದೇ ತೂತಿಗೆ ತುಂಬ್ತೀವಿ. ಚೀಸೇನೂ ಕೆಡಲ್ಲ. ಇವಳ ಚೀಸು ಮೂಸಿದ್ರೇ ಕೆಡುತ್ತಂತೆ!"

"ಕೆಡೋದು ಚೀಸಲ್ಲ, ಮೂಗು" ಎಂದಳು ಒರ್ನೆಲ್ಲಾ.

"ಅಪ್ಪನ ಮೂಗು ಆಗ್ಲೇ ಕೆಟ್ಟಿದೆಯಲ್ಲ. ಕೇಳು. ಅಲ್ಲೇ ಕೂತಿದ್ದಾನೆ. ಇದೆ ಅಂದ್ರೆ ಶಾಲೆಗೆ ಬೇಡ ಅಂತ ಬರಿ. ಇಲ್ಲ ಅಂದ್ರೆ ಹೌದು ಅಂತ ಬರಿ. ಎರಡು ನಿಮಿಷದ ಕೆಲಸ."

ಎಲ್ಲರೂ ಆನ್ಸೆಲ್ಮ್ ಕಡೆ ನೋಡಿದರು. ಅವರು ಬ್ರೆಡ್ಡಿನಿಂದ ತಟ್ಟೆ ಒರೆಸುತ್ತಿದ್ದರು.

"ನನ್ನನ್ನ ನೋಡ್ಬೇಡಿ. ಹೇಳ್ಬೇಡಿ ಅಂತ ಅವಳೇ ಹೇಳಿದಾಳೆ."

ಮೇ ಮೊದಲ ವಾರ ಮನೆಯವರೆಲ್ಲ ಮುದುಕರನ್ನು ಓದಲು ಶುರುಮಾಡಿದರು. ಅವರು ತಾವಾಗಿ ಆಲೂಗಡ್ಡೆ ಸುಲಿದರೆ ಸೊಸೆಯ ಮೇಲೆ ಕನಿಕರ, ಅಂದರೆ ಪೆಟ್ಟಿಗೆ ಖಾಲಿ ಎಂದು ರೆಮಿ. ಹಿತ್ತಲಲ್ಲಿ ಶಿಳ್ಳೆ ಹೊಡೆದರೆ ಸಿಕ್ಕಿದೆ ಎಂದು ಒಡೀಲ್. ಸಾಸೇಜಿನ ದೊಡ್ಡ ತುಂಡನ್ನು ಅವರು ಒರ್ನೆಲ್ಲಾಳ ತಟ್ಟೆಗೆ ಹಾಕಿದ ದಿನ ತಾಯಿ ಮಗ ಇಬ್ಬರೂ ಅದನ್ನು ತಮ್ಮ ತಮ್ಮ ಕಡೆಗೆ ಸಾಕ್ಷಿ ಮಾಡಿಕೊಂಡರು.

"ಅಜ್ಜ, ಇದೆ ಅಂದ್ರೆ ಒಂದ್ಸಲ ಕಣ್ಣು ಹೊಡಿ, ಇಲ್ಲಾಂದ್ರೆ ಎರಡ್ಸಲ" ಎಂದಳು ಝೆಲಿ.

ಆನ್ಸೆಲ್ಮ್ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಾಗೇ ಸೂಪು ಕುಡಿದರು. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಝೆಲಿ ಬಿದ್ದು ಬಿದ್ದು ನಕ್ಕಳು. ಒರ್ನೆಲ್ಲಾ ನಗಲಿಲ್ಲ. ಮಾವ ಕಣ್ಣು ತೆರೆಯುವುದನ್ನೇ ಕಾಯುತ್ತಿದ್ದೇನೆ ಎಂದು ಅವಳಿಗೆ ಆ ಕ್ಷಣ ಗೊತ್ತಾಯಿತು. ವಾರದಿಂದ ಅವಳೂ ಓದುತ್ತಿದ್ದಳು.

ಮರುದಿನ ಅವಳು ತನ್ನ ತಟ್ಟೆ ಎತ್ತಿಕೊಂಡು ಬಟ್ಟೆ ಒಗೆಯುವ ಕೋಣೆಗೆ ಹೋದಳು. ಅಲ್ಲಿ ಇಸ್ತ್ರಿ ಮೇಜಿನ ಮೇಲೆ ತಟ್ಟೆಯಿಟ್ಟು ನಿಂತುಕೊಂಡೇ ತಿಂದಳು. ಅದರ ಮರುದಿನವೂ ಹಾಗೇ.

ಮೂರನೇ ದಿನ ಒಡೀಲ್ ಬಾಗಿಲಲ್ಲಿ ಬಂದು ನಿಂತರು.

"ನನ್ನ ಮನೇಲಿ ಊಟದ ಮೇಜಿಲ್ವಾ?"

"ಮಾವನ ಮುಖ ನೋಡ್ಬಾರ್ದು ಅತ್ತೆ, ಅದಕ್ಕೇ."

"ಅವರ ಮುಖ ನೋಡೋಕಾಗಲ್ಲ ಅಂತ ನಾನು ನಲವತ್ತು ವರ್ಷದಿಂದ ಅಂದ್ಕೋತಿದೀನಿ. ತಟ್ಟೆ ಎತ್ಕೊಂಡು ಹೋದ್ನಾ?"

"ಅದಲ್ಲ ಅತ್ತೆ..."

"ಅಡುಗೆ ಸೇರ್ಲಿಲ್ವಾ? ಹೇಳ್ಬಿಡು."

"ಅಡುಗೆಗೇನಾಗಿದೆ!"

"ಆಚೆಮನೆ ಜಿನೆಟ್ ಕಿಟಕೀಲಿ ನೋಡಿದ್ಲಂತೆ. ಸೊಸೇನ ಊಟಕ್ಕೆ ಸೇರಿಸ್ಕೊಳ್ಳಲ್ವಾ ಅಂತ ಬ್ರೆಡ್ಡಿನ ಅಂಗಡೀಲಿ ಕೇಳಿದ್ಲು, ಎಲ್ಲರ ಮುಂದೆ. ಅವಳಿಗೆ ಏನ್ ಹೇಳ್ಲಿ ನಾನು? ಕಣ ಅಂತ ಹೇಳ್ಲಾ?"

ಒಡೀಲ್ ಅವಳ ಲೋಟಕ್ಕೆ ನೀರು ತುಂಬಿ, ಬಾಗಿಲು ದಡಾರನೆ ಎಳೆದುಕೊಂಡು ಹೋದರು. ಅವತ್ತಿನಿಂದ ಊಟದ ಕೋಣೆಯಲ್ಲಿದ್ದ ಒರ್ನೆಲ್ಲಾಳ ಕುರ್ಚಿಯ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆಗಳನ್ನು ಪೇರಿಸತೊಡಗಿದರು. ಬಟ್ಟೆ ಇಡಲು ಇನ್ನೆಲ್ಲಿ ಜಾಗ ಎಂದು ಕೇಳುತ್ತಿದ್ದರು.

ಮೇ ಹದಿನಾಲ್ಕರ ಸಂಜೆ ರೆಮಿ ಅಪ್ಪನನ್ನು ಹಿತ್ತಲಲ್ಲಿ ಹಿಡಿದ. ಆನ್ಸೆಲ್ಮ್ ಬೀನ್ಸ್ ಬಳ್ಳಿಗೆ ಗಳ ನೆಡುತ್ತಿದ್ದರು.

"ಅಪ್ಪಾ, ನಂಗೊಬ್ಬನಿಗೆ ಹೇಳು. ಅವಳಿಗೆ ಹೇಳಲ್ಲ. ಯಾವ ಕಡೆ ಒತ್ತಾಯ ಮಾಡ್ಬೇಕು ಅಂತ ಗೊತ್ತಾದ್ರೆ ಸಾಕು."

"ನೀನು ಒತ್ತಾಯ ಮಾಡೋದೂ ಒಂದೇ, ನಾನು ಹೇಳೋದೂ ಒಂದೇ. ಆ ಗಳ ಕೊಡು."

"ಅವಳು ಷಿಕಾಗೋದಲ್ಲಿದ್ದಾಗ ಈ ಮಗೂಗೆ ಜ್ವರ ಬಂದ್ರೆ ಅಮ್ಮ ಎಲ್ಲಿ ಅಂತ ಕೇಳೋಳು. ಫೋನ್ ತೋರಿಸ್ತಿದ್ದೆ. ಇನ್ನೊಂದ್ಸಲ ಆಗಲ್ಲ ನನ್ ಕೈಲಿ. ಶಾಲೆ ಕೆಲಸ ಕೈಬಿಟ್ಟು, ಪೆಟ್ಟಿಗೆ ಖಾಲಿ ಬಂದ್ರೆ ಮುಂದೆ ಎಲ್ಲಿ? ಜಪಾನಾ?"

ಆನ್ಸೆಲ್ಮ್ ಗಳವನ್ನು ಮಣ್ಣಿಗೆ ಒತ್ತಿ ಅಲ್ಲಾಡಿಸಿ ನೋಡಿದರು.

"ನಮ್ಮ ವರ್ಕ್‌ಶಾಪಲ್ಲಿ ಅಳತೆ ರೂಮು ಅಂತ ಇತ್ತು. ನಾನು ಕಡೆದದ್ದನ್ನ ಅಲ್ಲಿ ಒಬ್ಬ ಅಳೀತಿದ್ದ. ಎಷ್ಟು ಬರ್ಬೇಕು ಅನ್ನೋದನ್ನ ಅವನಿಗೆ ಹೇಳ್ತಿರ್ಲಿಲ್ಲ. ಎಷ್ಟು ಬಂತು ಅಂತ ಅವನು ಬರೀಬೇಕು, ಅಷ್ಟೆ. ಒಂದ್ಸಲ ನಾನು ಬಾಗಿಲ ಸಂದೀಲಿ ಪಿಸುಗುಟ್ಟಿದೆ, 'ನಲವತ್ತು ಬರಿ ಮಾರಾಯ' ಅಂತ. ನಲವತ್ತೇ ಬರ್ದ. ತಂಪು ಮಾಡೋ ಭಾಗ ಅದು. ಎರಡು ತಿಂಗಳಾದ್ಮೇಲೆ ಸೋರ್ತು."

"ಇದು ಸೋರೋ ಭಾಗ ಅಲ್ಲಪ್ಪ. ಇದು ಸಂಸಾರ."

"ಹೂಂ, ಅದೂ ಸೋರುತ್ತೆ" ಎಂದರು ಆನ್ಸೆಲ್ಮ್.

ರೆಮಿ ಕೈಯಲ್ಲಿದ್ದ ಗಳವನ್ನು ಬೇಲಿಯಾಚೆ ಎಸೆದು ಒಳಗೆ ಹೋದ. ಮುದುಕರು ಸುತ್ತು ಹಾಕಿಕೊಂಡು ಹೋಗಿ ಅದನ್ನು ಹೆಕ್ಕಿ ತಂದರು.

ಹತ್ತೊಂಬತ್ತರ ಸಂಜೆ ಒರ್ನೆಲ್ಲಾ ಸೌದೆ ಕೊಟ್ಟಿಗೆಗೆ ಬಂದಳು. ಆನ್ಸೆಲ್ಮ್ ಕುಡುಗೋಲು ಮಸೆಯುತ್ತಿದ್ದರು. ಅವಳು ಅವರ ಬೆನ್ನ ಹಿಂದೆ ನಿಂತಳು. ಹದಿನೈದು ದಿನದಿಂದ ಬೆನ್ನಿನ ಜೊತೆಯೇ ಮಾತಾಡಿ ಅಭ್ಯಾಸವಾಗಿತ್ತು.

"ಮಾವ, ನಾಳೆ ಬರೀಬೇಕು."

"ಗೊತ್ತು."

"ಪ್ರೋಗ್ರಾಮಿಗೆ ಬೀಗ ಬಿದ್ದಿದೆ. ಈಗ ನಾನು ನೋಡಿದ್ರೂ ಅಳತೇಲಿ ಏನೂ ಬದಲಾಗಲ್ಲ."

ಆನ್ಸೆಲ್ಮ್ ಕಲ್ಲಿಗೆ ನೀರು ಹಾಕಿಕೊಂಡರು.

"ಅಂದ್ರೆ, ಕೇಳಿದ್ರೂ ತಪ್ಪಿಲ್ಲ" ಎಂದಳು.

"ಆ ಫಿನ್‌ಲೆಂಡಿನೋಳನ್ನ ಕೇಳ್ದಾ, ತಪ್ಪಿಲ್ಲ ಅಂತ?"

"ಇಲ್ಲ."

"ಮತ್ತೆ?"

"ಮತ್ತೆ ಏನು ಮಾವ! ಒಂಬತ್ತು ವರ್ಷ ಆಯ್ತು. ಎಲ್ಲರಿಗೂ ಉತ್ತರ ಕೊಟ್ಟು ಸಾಕಾಗಿದೆ. ನಂಗೊಂದು ಉತ್ತರ ಯಾರೂ ಕೊಡಲ್ವಾ? ನೀವು ನೋಡಿದೀರ. ದಿನಾ ಏನೂ ಆಗದ ಹಾಗೆ ಕೂತು ಸೂಪು ಕುಡೀತೀರ. ಹೇಳ್ಬಿಡಿ."

ಮಸೆಯುವ ಸದ್ದು ನಿಂತಿತು.

"ಹೇಳಲ್ಲ."

"ನಾನೇ ಕೇಳ್ತಿದೀನಲ್ಲ!"

"ಹೇಳ್ಬೇಡ ಅಂದೋಳೂ ನೀನೇ. ಅವತ್ತು ಅಂದೋಳು ನೆಟ್ಟಗಿದ್ಲು. ಇವತ್ತಿನೋಳು ಮೂರು ವಾರದಿಂದ ನಿದ್ದೆ ಮಾಡಿಲ್ಲ. ನಾನು ಅವತ್ತಿನೋಳ ಮಾತೇ ಕೇಳ್ತೀನಿ."

"ಕಲ್ಲು ನೀವು."

"ಇರ್ಬಹುದು. ನಾಳೆ ನೀನು ಹೌದು ಅಂತ ಬರ್ದ್ರೆ ಮಾವ ಬರೆಸಿದ್ದು. ಇಲ್ಲ ಅಂತ ಬರ್ದ್ರೂ ಮಾವ ಬರೆಸಿದ್ದು. ಈ ಮನೇಲಿ ಇನ್ನೂ ಹತ್ತು ವರ್ಷ ಇರ್ಬೇಕು ನಾನು. ನಂಗೆ ಬೇಡ."

ಅವಳು ಬಾಗಿಲಿಗೆ ಒರಗಿಸಿದ್ದ ಸೌದೆ ರಾಶಿಯನ್ನು ಕಾಲಿನಿಂದ ಒದ್ದಳು. ಮೇಲಿನ ನಾಲ್ಕು ಕೊರಡು ಉರುಳಿದವು. ನೋವಿಗೆ ಕಾಲು ಹಿಡಿದುಕೊಂಡು, ತನ್ನ ತಾಯ್ನುಡಿ ಇಟಾಲಿಯನ್‌ನಲ್ಲಿ ಏನೋ ಬೈದು, ಕುಂಟುತ್ತ ಹೋದಳು.

ಮರುದಿನ ಬೆಳಿಗ್ಗೆ ಆರಕ್ಕೇ ಶಾಲೆಗೆ ಬರೆದಳು. ಕ್ಷಮಿಸಿ, ಬರಲಾಗುವುದಿಲ್ಲ ಎಂದು ಎರಡು ಸಾಲು. ಮಧ್ಯಾಹ್ನ ರೆಮಿ ಬಂದಾಗ ಹೇಳಿದಳು.

"ಯಾಕೆ?" ಎಂದ ಅವನು.

"ನಾಲ್ಕು ವರ್ಷ ಅಳ್ದು, ನೋಡದೆ ಎದ್ದು ಹೋಗೋಕಾಗಲ್ಲ."

"ನೋಡ್ಬೇಡ ಅಂತ ಯಾರು ಹೇಳಿದ್ರು? ಶಾಲೆ ಕೆಲಸಾನೂ ಮಾಡು, ಐದಕ್ಕೆ ಹೋಗಿ ನೋಡು."

"ಅದು ಬೇರೆಯವ್ರ ಮದುವೆಗೆ ಹೋದ ಹಾಗೆ."

"ಸರಿ, ನಿನ್ನ ಮದುವೆಗೇ ಹೋಗು" ಎಂದ ರೆಮಿ. ಆಮೇಲೆ ಹನ್ನೊಂದು ದಿನ ಅವರಿಬ್ಬರ ನಡುವೆ ಓಡಾಡಿದ ಮಾತೆಲ್ಲ ಝೆಲಿಯ ಬಾಯಿಂದಲೇ ಆಯಿತು. ಅಪ್ಪ ಕಾರಿನ ಕೀ ಕೇಳ್ತಿದಾನೆ, ಅಮ್ಮ ಅಲ್ಲೇ ಮೊಳೆ ಮೇಲಿದೆ ಅಂತಿದಾಳೆ.

ಜೂನ್ ಐದರಂದು ಸಭೆಯ ಕೋಣೆಯಲ್ಲಿ ಮೂವತ್ತು ಜನ, ಪರದೆಯ ಮೇಲೆ ಬೇರೆ ಬೇರೆ ದೇಶದಿಂದ ಎಂಬತ್ತು ಮುಖ. ಮೂಲೆಯಲ್ಲಿ ಯಾರೋ ವೈನ್ ಬಾಟಲಿ ಇಟ್ಟಿದ್ದರು. ಬೀಗ ತೆಗೆದು ಪ್ರೋಗ್ರಾಮ್ ಓಡಿಸಿದ್ದು ಬೇರೆ ಗುಂಪಿನ ಹುಡುಗಿ. ಚಿತ್ರ ಬಂತು. ನಡುವಿನ ಖಾಲಿ ತುಂಬಿತು. ಎಲ್ಲ ಚುಕ್ಕೆಗಳೂ ಇಳಿಜಾರಿನ ಗೆರೆಯ ಮೇಲೆ ವಿಧೇಯವಾಗಿ ಕೂತಿದ್ದವು. ಒಂದು ಮಾತ್ರ ಸ್ವಲ್ಪ ಮೇಲೆ ಇತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಲೊಚಗುಟ್ಟಲಿಲ್ಲ. ಕಯ್ಸಾ ಅಂಕಿ ಓದಿದಳು. ಇಂಥ ಚುಕ್ಕೆ ಬರೀ ಆಕಸ್ಮಿಕವಾಗಿ ಐವತ್ತು ಸಲಕ್ಕೊಮ್ಮೆ ಬರುತ್ತದೆ. ಹೊಸ ಕಣ ಸಿಕ್ಕಿತು ಎನ್ನಬೇಕಾದರೆ ಮೂವತ್ತೈದು ಲಕ್ಷ ಸಲಕ್ಕೊಮ್ಮೆ ಬರುವಂಥದ್ದು ಬೇಕು. ಏನೂ ಇಲ್ಲ ಎಂದು ಬರೆಯಲು ಈ ಚುಕ್ಕೆ ಬಿಡುವುದಿಲ್ಲ.

"ಕುತೂಹಲಕರ" ಎಂದ ಹೆಂಡ್ರಿಕ್. ಹೊರಗೆ ಬಂದ ಮೇಲೆ ಎರಡು ವರ್ಷಕ್ಕೆ ಕೇಳುವಷ್ಟು ಬಲ ಇದಕ್ಕಿಲ್ಲ, ಆರು ತಿಂಗಳಿಗೆ ಏನಾದರೂ ಹೊಂದಿಸಬಹುದು ಎಂದ. ವೈನ್ ತೆರೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅವಳು ಹೊರಡುವಾಗ ಅದು ಅಲ್ಲೇ ಇತ್ತು.

ಏಳು ಗಂಟೆಗೆ ಮನೆಯಲ್ಲಿ ಎಲ್ಲರೂ ಮೇಜಿಗೆ ಕೂತಿದ್ದರು. ಒಡೀಲ್ ಕೋಳಿ ಮಾಡಿದ್ದರು. ಸಿಕ್ಕಿದ್ದರೆ ಹಬ್ಬಕ್ಕಾಯಿತು, ಇಲ್ಲದಿದ್ದರೆ ಸಮಾಧಾನಕ್ಕಾಯಿತು ಎಂದು. ಒರ್ನೆಲ್ಲಾ ಮುದ್ರಿಸಿ ತಂದ ಚಿತ್ರವನ್ನು ತಟ್ಟೆಗಳ ನಡುವೆ ಇಟ್ಟಳು. ಐದು ತಲೆ ಒಟ್ಟಿಗೆ ಬಗ್ಗಿದವು.

"ಹಲ್ಲು ತುಂಬಿದೆ" ಎಂದರು ಒಡೀಲ್. "ಒಳ್ಳೇದೋ ಕೆಟ್ಟದ್ದೋ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂದ್ರೆ?" ಹನ್ನೊಂದು ದಿನ ಮುಗಿದರೂ ರೆಮಿ ಅವಳ ಕಡೆ ಪೂರ್ತಿ ತಿರುಗಿ ಮಾತಾಡಿದ್ದು ಇದೇ ಮೊದಲು. "ಇದೆಯೋ ಇಲ್ವೋ?"

"ಇದೊಂದು ಚುಕ್ಕೆ ಮೇಲಿದೆ. ಇನ್ನೂ ಮೂರು ವರ್ಷ ದತ್ತಾಂಶ ಬಂದ್ರೆ ಗೊತ್ತಾಗುತ್ತೆ. ಹೆಂಡ್ರಿಕ್ ಆರು ತಿಂಗಳು ಅಂದ."

"ಆರು ತಿಂಗಳು ಅಂದ್ರೆ ಡಿಸೆಂಬರ್. ಆಮೇಲೆ?"

ಅವಳು ಮಾವನ ಕಡೆ ಕಾಗದ ಸರಿಸಿದಳು.

"ನೀವು ಅವತ್ತು ನೋಡಿದ್ದು ಇದೇನಾ?"

ಆನ್ಸೆಲ್ಮ್ ಕನ್ನಡಕ ಹಾಕಿಕೊಂಡು ಆ ಚುಕ್ಕೆಯ ಕೆಳಗೆ ಉಗುರಿಟ್ಟು ಅಳೆದರು.

"ಇದೇ. ಇಷ್ಟೇ ಮೇಲಿತ್ತು."

"ಕೊಟ್ಟಿಗೇಲಿ ಕೇಳ್ದಾಗ ಏನ್ ಹೇಳ್ಬೇಕು ಅಂತಿದ್ರಿ?"

"ಏನ್ ಹೇಳೋಕಿತ್ತು? ಇದು ಹೌದೋ ಅಲ್ವೋ ನಂಗೆಲ್ಲಿ ಗೊತ್ತು? ಗೊತ್ತಿದ್ದಿದ್ರೆ ಬಾಯಿ ಬಿಟ್ಟುಬಿಡ್ತಿದ್ನೇನೋ. ನೀನು ನೋಡಿದ್ರೆ ನಿಂಗೆ ಗೊತ್ತಾಗುತ್ತೆ ಅಂತಿದ್ದೆ."

"ನಂಗೂ ಗೊತ್ತಾಗ್ಲಿಲ್ಲ."

"ಒಂದು ತಿಂಗಳು ಇಸ್ತ್ರಿ ಮೇಜಿನ ಮೇಲೆ ಊಟ ಮಾಡಿದ್ದು ಇದಕ್ಕಾ!" ಎಂದು ರೆಮಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಕೂತ. ಬೇರೆಲ್ಲಿ ಹೋಗುವುದು?

"ಕೋಳಿ ತಣ್ಣಗಾಗುತ್ತೆ" ಎಂದರು ಒಡೀಲ್. "ಕಾಗದ ತೆಗೀರಿ, ಪಾತ್ರೆ ಇಡ್ಬೇಕು."

ಒರ್ನೆಲ್ಲಾ ತನ್ನ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ನೆಲದ ಮೇಲಿಟ್ಟು ಮಾವನ ಎದುರಿಗೆ ಕೂತಳು. ಒಂದು ತಿಂಗಳ ಮೇಲೆ ಮೊದಲ ಸಲ ಅವರ ಮುಖವನ್ನು ನೇರವಾಗಿ, ಬೇಕಾದಷ್ಟು ಹೊತ್ತು ನೋಡಿದಳು. ಅಲ್ಲಿ ಓದುವಂಥದ್ದು ಏನೂ ಇರಲಿಲ್ಲ. ಮುದುಕರಿಗೆ ಹಸಿವಾಗಿತ್ತು.